ಬಾಗಿಲ ಪಕ್ಕದ ಮಂಚ

ಚಿಕ್ಕ ಹಿಸ್ಟರಿ ಮತ್ತೆ ಎಡಗಡೆಗೇ ಬಂದಳು. ಫುಟ್‌ಪಾತಿನ ಮೇಲೆ ಜಾಗಕ್ಕೇನು ಬರಗಾಲವೇ? ಬಲಗಡೆಯೆಲ್ಲ ಖಾಲಿ ಬಿದ್ದಿತ್ತು. ಆದರೂ ಈ ಹುಡುಗಿ ದೊಡ್ಡ ಹಿಸ್ಟರಿಯ ಬೆನ್ನ ಹಿಂದಿನಿಂದ ಸುತ್ತು ಹಾಕಿ, ಎದುರಿಗೆ ಬರುತ್ತಿದ್ದ ಯಾರದೋ ಚೀಲಕ್ಕೆ ಮೊಣಕೈ ತಾಗಿಸಿಕೊಂಡು, ಅವರ ಹತ್ತಿರ ಕ್ಷಮೆ ಕೇಳಿ, ಎಡಗಡೆಗೇ ಬಂದು ಅಂಟಿಕೊಂಡು, "ಚಳಿ ಜಾಸ್ತಿ ಅಲ್ವಾ ಮೇಡಂ" ಅಂದಳು. ಹೌದು, ಚಳಿ ಜಾಸ್ತಿ. ಅದನ್ನು ಹೇಳುವುದಕ್ಕೆ ಇಷ್ಟು ಸುತ್ತಾಟವೇ? ದೊಡ್ಡ ಹಿಸ್ಟರಿ ಅಂಗಡಿಯ ಗಾಜಿನೊಳಗೆ ಸಾಲಾಗಿಟ್ಟ ಬೂಟುಗಳನ್ನು ನೋಡುವವಳ ಹಾಗೆ ನಿಂತು, ಬೇಕೆಂದೇ ಗೋಡೆಯ ಕಡೆಗೆ ಸರಿದಳು. ಈಗ ಎಡಗಡೆ ಗೋಡೆ, ಬಲಗಡೆ ರಸ್ತೆ. ಇನ್ನೇನು ಮಾಡುತ್ತಾಳೋ ನೋಡೇಬಿಡೋಣ. ಹುಡುಗಿ ಒಂದು ಗಳಿಗೆ ತಬ್ಬಿಬ್ಬಾದಳು. ಆಮೇಲೆ ಎರಡು ಹೆಜ್ಜೆ ಮುಂದೆ ಹೋಗಿ, ತಿರುಗಿ, ಮುಖಕ್ಕೆ ಮುಖ ಕೊಟ್ಟು ಹಿಮ್ಮುಖವಾಗಿ ನಡೆಯುತ್ತ ಮಾತಾಡತೊಡಗಿದಳು. ಬಿದ್ದು ಹಲ್ಲು ಮುರಿದುಕೊಂಡಾಳು, ಮುರಿದುಕೊಳ್ಳಲಿ, ನನಗೇನಂತೆ. ಇನ್ನೊಬ್ಬರ ಮುಖವನ್ನು ಇಷ್ಟು ಹತ್ತಿರದಿಂದ ಹೀಗೆ ನೋಡುವವರು ಇಬ್ಬರೇ, ಪ್ರೀತಿ ಮಾಡುವವರು ಮತ್ತು ಪೊಲೀಸಿನವರು. ಇವಳಿಗೆ ನನ್ನ ಮೇಲೆ ಪ್ರೀತಿ ಉಕ್ಕುವಂಥದ್ದೇನೂ ಆಗಿಲ್ಲ.

ಅವರ ಶಾಲೆಯಲ್ಲಿ ಚರಿತ್ರೆ ಕಲಿಸುವವರು ಈ ಇಬ್ಬರೇ. ದೊಡ್ಡ ಹಿಸ್ಟರಿ, ಚಿಕ್ಕ ಹಿಸ್ಟರಿ ಅಂತ ಮಕ್ಕಳು ಇಟ್ಟ ಹೆಸರು; ಕೊನೆಗೆ ಸ್ಟಾಫ್ ರೂಮಿನವರಿಗೂ ಅದೇ ಬಾಯಿಪಾಠವಾಯಿತು. ದೊಡ್ಡವಳಿಗೆ ತಲೆ ಅರ್ಧ ನೆರೆತಿದೆ. ಚಿಕ್ಕವಳಿಗೆ ಕೆಲಸ ಇನ್ನೂ ಖಾಯಂ ಆಗಿಲ್ಲ. ಇಬ್ಬರನ್ನೂ ಈ ಪ್ರವಾಸದ ಸೆಮಿನಾರಿಗೆ ಹೊರಡಿಸುವಾಗ ಹೆಡ್ ಮೇಷ್ಟ್ರು, "ಹೋಗಿ ಬನ್ನಿ. ಅಲ್ಲಿ ಸೆಮಿನಾರು ನಡೆಸೋ ಪ್ರೊಫೆಸರು ನೋಡ್ತಾರೆ, ನನಗೆ ಫೋನ್ ಮಾಡ್ತಾರೆ. ಹತ್ತನೇ ಕ್ಲಾಸು ಯಾರಿಗೆ, ಯಾರನ್ನ ಖಾಯಂ ಮಾಡೋದು, ಎಲ್ಲಾ ಆಮೇಲೆ ನೋಡೋಣ" ಅಂದಿದ್ದರು. ಹೇಳುವಾಗ ಪೇಪರ್‌ವೇಟನ್ನು ಬುಗುರಿಯ ಹಾಗೆ ತಿರುಗಿಸುತ್ತಿದ್ದರು. ಆ 'ನೋಡೋಣ' ಅನ್ನುವುದಿದೆಯಲ್ಲ, ಅದು ದೊಡ್ಡ ಹಿಸ್ಟರಿಯ ತಲೆಯಲ್ಲಿ ಇಂದಿಗೂ ತಿರುಗುತ್ತಲೇ ಇದೆ. ಕಣ್ಣು ಮಂಜಾದ ಭೂಗೋಳದ ಮೇಷ್ಟ್ರನ್ನು ಹೀಗೇ 'ನೋಡೋಣ' ಅಂತಲೇ ಮ್ಯಾಪು ಇಡುವ ಕೋಣೆಗೆ ಹಾಕಿದ್ದರು. ಧೂಳು ಹಿಡಿದ ಭೂಪಟಗಳನ್ನು ಸುರುಳಿ ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ಅವರು ಅಲ್ಲೇ ರಿಟೈರಾದರು. ಬೀಳ್ಕೊಡುಗೆಯ ದಿನ ಯಾವ ಮಗುವಿಗೂ ಅವರ ಗುರುತಿರಲಿಲ್ಲ.

ದೊಡ್ಡ ಹಿಸ್ಟರಿಗೆ ಕೈಕೊಟ್ಟದ್ದು ಕಣ್ಣಲ್ಲ, ಬಲಗಿವಿ. ನರ ಸತ್ತಿದೆ, ಮಿಷನ್ ಹಾಕಿದರೂ ಪ್ರಯೋಜನವಿಲ್ಲ ಅಂತ ಡಾಕ್ಟರು ಹೇಳಿ ವರ್ಷಗಳೇ ಆದವು. ಡಾಕ್ಟರಿಗೂ ತನಗೂ ಬಿಟ್ಟರೆ ಮೂರನೆಯವರಿಗೆ ಗೊತ್ತಿಲ್ಲ. ಯಜಮಾನರಿಗೂ ಹೇಳಿಲ್ಲ. ಅವರು ಮಲಗುವುದು ಬಲಗಡೆಗೆ. ಬೆಳಗ್ಗೆ ಎದ್ದು "ರಾತ್ರಿನೇ ಹೇಳಿದ್ನಲ್ಲೇ" ಅಂದರೆ, "ಹೇಳಿದ್ರೆ ಕೇಳ್ತಿತ್ತು, ನೀವು ದಿಂಬಿನ ಹತ್ತಿರ ಹೇಳಿರಬೇಕು" ಅಂತ ಬಾಯಿ ಮುಚ್ಚಿಸುತ್ತಾಳೆ. ಕ್ಲಾಸಿನಲ್ಲಿ ಬಲಗಡೆಯ ಗೋಡೆಗೆ ಒತ್ತಿ ನಿಲ್ಲುತ್ತಾಳೆ, ಮಕ್ಕಳೆಲ್ಲ ಎಡಕ್ಕೆ ಬರುವ ಹಾಗೆ. ಹಿಂದಿನ ಬೆಂಚಿನಿಂದ ಯಾರಾದರೂ ಗೊಣಗಿದರೆ, "ಎದ್ದು ನಿಂತು, ಎಲ್ಲರಿಗೂ ಕೇಳೋ ಹಾಗೆ ಹೇಳು. ಇದೇನು ನಿಮ್ಮ ಮನೆ ಜಗಲಿನಾ?" ಅನ್ನುತ್ತಾಳೆ. ಭಾರೀ ಶಿಸ್ತಿನ ಮೇಡಂ ಅಂತ ಹೆಸರು ಬಂದದ್ದು ಹಾಗೆ. ಕಿವುಡಿನಿಂದ ಇಷ್ಟು ಮರ್ಯಾದೆ ಸಂಪಾದಿಸಿದವರು ಲೋಕದಲ್ಲಿ ಇನ್ನೊಬ್ಬರಿಲ್ಲ ಅಂತ ಒಮ್ಮೊಮ್ಮೆ ಅವಳಿಗೇ ನಗು ಬರುತ್ತದೆ. ನಗು ಬಂದ ಬೆನ್ನಿಗೇ ಅಮ್ಮ ನೆನಪಾಗುತ್ತಾಳೆ. ಕೊನೆಗಾಲದಲ್ಲಿ ಅಮ್ಮನಿಗೆ ಎರಡೂ ಕಿವಿ ಹೋಗಿದ್ದವು. ಅಡುಗೆಮನೆಯಲ್ಲಿ ಮಕ್ಕಳು ಏನಕ್ಕೋ ನಕ್ಕರೆ ಹೊಸ್ತಿಲಲ್ಲಿ ಬಂದು ನಿಂತು, "ನನ್ನ ಸುದ್ದಿನೇ ತಾನೇ?" ಅನ್ನುತ್ತಿದ್ದಳು. "ಏನಿಲ್ಲ ಬಿಡಮ್ಮ" ಅಂತ ಎಲ್ಲರೂ ಒಟ್ಟಿಗೆ ಕೈ ಆಡಿಸುತ್ತಿದ್ದರು. ನಿಜಕ್ಕೂ ಏನಿರುತ್ತಿರಲಿಲ್ಲ. ಆದರೆ ಆ ಕೈ ಆಡಿಸುವುದಿತ್ತಲ್ಲ, ಅದನ್ನು ನೋಡಿ ಅಮ್ಮನ ಮುಖ ಮುಚ್ಚಿಕೊಳ್ಳುತ್ತಿತ್ತು.

"ಬನ್ನಿ ಬನ್ನಿ, ಮೇಲಕ್ಕೆ ಬನ್ನಿ" ಅಂತ ಪ್ರೊಫೆಸರು ಮೆಟ್ಟಿಲಿನ ಬುಡದಲ್ಲಿ ನಿಂತು ಕೈ ಬೀಸುತ್ತಿದ್ದರು. ಕೊಡೆಯಜ್ಜ ಇದ್ದ ಮನೆ ಬಂದಿತ್ತು. ಪಾಠದ ಪುಸ್ತಕದಲ್ಲಿ ಅವರಿಗೆ ಉದ್ದನೆಯ ಹೆಸರಿದೆ, ಬಿರುದುಗಳಿವೆ. ಊರೂರಿನ ಚೌಕದಲ್ಲಿ ಕೊಡೆ ಹಿಡಿದು ನಿಂತ ಪ್ರತಿಮೆಯನ್ನು ನೋಡಿ ಬೆಳೆದವರಿಗೆ ಮಾತ್ರ ಅವರು ಕೊಡೆಯಜ್ಜ. ದೇಶ ಕಟ್ಟಿದ ಆ ಮಹಾನುಭಾವ ಹರೆಯದಲ್ಲಿ ತಲೆತಪ್ಪಿಸಿಕೊಂಡು ಬಂದು ಓದುತ್ತ, ಬರೆಯುತ್ತ ಕಳೆದ ಪರದೇಶದ ಊರು ಇದು. ಮೇಲಿನ ಕೋಣೆ ಬೆಂಕಿಪೊಟ್ಟಣದಷ್ಟಿತ್ತು. ಎರಡು ಕಬ್ಬಿಣದ ಮಂಚ. ಕಿಟಕಿಯ ಪಕ್ಕದ್ದು ಕೊಡೆಯಜ್ಜನದು, ಬಾಗಿಲ ಪಕ್ಕದ್ದು ಅವರ ಜೊತೆಗಾರನದು ಅಂತ ಪ್ರೊಫೆಸರು ತೋರಿಸಿದರು. ಜೊತೆಗಾರನ ಕಥೆ ದೊಡ್ಡ ಹಿಸ್ಟರಿಗೆ ನೀರು ಕುಡಿದಷ್ಟು ಸಲೀಸು. ಒಂದೇ ತಟ್ಟೆಯಲ್ಲಿ ಉಂಡವನು, ಪೊಲೀಸರಿಗೆ ಸುದ್ದಿ ಮುಟ್ಟಿಸಿದವನು. ಅನುಮಾನ ಬಂದ ದಿನವೇ ಕೊಡೆಯಜ್ಜ ಟ್ರಂಕು ಎತ್ತಿಕೊಂಡು, ಒಂದು ಮಾತೂ ಆಡದೆ ಮೆಟ್ಟಿಲಿಳಿದು ಹೋದರು. ಮತ್ತೆ ಜನ್ಮದಲ್ಲಿ ಅವನ ಹೆಸರೆತ್ತಲಿಲ್ಲ. "ಜೊತೇಲಿ ಮಲಗಿದವನೇ ಹಾವಾದ!" ಅಂತ ಅವಳು ಮೇಜು ಕುಟ್ಟಿದರೆ ಮಕ್ಕಳು ಬೆಚ್ಚಿಬೀಳುತ್ತಿದ್ದವು. ಈಗ ಆ ಹಾವಿನ ಮಂಚದ ಹತ್ತಿರ ಚಿಕ್ಕ ಹಿಸ್ಟರಿ ಮೊಣಕಾಲೂರಿ ಕುಳಿತು, ಮಂಚಕ್ಕೂ ಬಾಗಿಲಿಗೂ ನಡುವಿನ ಜಾಗವನ್ನು ಗೇಣು ಹಾಕಿ ಅಳೆಯುತ್ತಿದ್ದಳು. ಪ್ರೊಫೆಸರು ಮೆಚ್ಚಿಕೊಂಡು ನೋಡುತ್ತಿದ್ದರು. ಹಾಕು ಗೇಣು, ಚೆನ್ನಾಗಿ ಹಾಕು, ಅಂದುಕೊಂಡಳು ದೊಡ್ಡ ಹಿಸ್ಟರಿ. ಹೋಟೆಲಿಗೆ ಬಂದ ದಿನ ಇವಳೂ ಬಾಗಿಲ ಪಕ್ಕದ ಮಂಚಕ್ಕೇ ಬ್ಯಾಗು ಎಸೆದಿದ್ದಳು. "ಯಾರಾದ್ರೂ ಬಾಗಿಲು ಬಡಿದ್ರೆ ನಾನೇ ತೆಗೀತೀನಿ ಮೇಡಂ, ನೀವು ಆರಾಮಾಗಿ ಮಲಗಿ." ಅಷ್ಟು ವಿನಯ ಏಕೋ? ಸಂಜೆ ಸ್ನಾನ ಮುಗಿಸಿ ಬಂದರೆ ಕಾರಿಡಾರಿನಲ್ಲಿ ಫೋನು ಹಿಡಿದು ನಗುತ್ತಿರುತ್ತಾಳೆ. ತನ್ನನ್ನು ಕಂಡ ಕೂಡಲೇ ನಗು ನಿಲ್ಲಿಸುತ್ತಾಳೆ. ಆ ಕಡೆ ಯಾರಿದ್ದಾರೆ? ಪೇಪರ್‌ವೇಟು ತಿರುಗಿಸುವವರೋ?

ಇಷ್ಟಕ್ಕೇ ಮುಗಿದಿದ್ದರೆ ನಿಭಾಯಿಸಿಕೊಂಡು ಹೋಗುತ್ತಿದ್ದಳೇನೋ. ಆದರೆ ಈ ಪ್ರೊಫೆಸರಿಗೆ ಜೋಡಿ ನಡಿಗೆ ಎಂಬ ಒಂದು ಹುಚ್ಚಿತ್ತು. ಇಬ್ಬಿಬ್ಬರು ಜೋಡಿಯಾಗಿ ಕೊಡೆಯಜ್ಜ ಓಡಾಡಿದ ಬೀದಿಗಳಲ್ಲಿ ನಡೆಯಬೇಕು. ಒಬ್ಬರು ತಾವು ಕಂಡುಕೊಂಡದ್ದನ್ನು ಹೇಳಬೇಕು, ಇನ್ನೊಬ್ಬರು ಬಾಯಿ ಮುಚ್ಚಿಕೊಂಡು ಕೇಳಬೇಕು, ಏನನ್ನೂ ಬರೆದುಕೊಳ್ಳಕೂಡದು. ಸಂಜೆ ಸೆಮಿನಾರ್ ಹಾಲಿನಲ್ಲಿ ಹೇಳಿದವರು ಸುಮ್ಮನಿರಬೇಕು, ಕೇಳಿದವರು ಎದ್ದು ಒಪ್ಪಿಸಬೇಕು. "ಚರಿತ್ರೆಯವರ ಮೊದಲ ಕೆಲಸ ಕೇಳಿಸಿಕೊಳ್ಳೋದು" ಅಂತ ಅವರು ಬೆರಳೆತ್ತಿ ಹೇಳಿದಾಗ ದೊಡ್ಡ ಹಿಸ್ಟರಿ ಬಲಗಿವಿಯ ಮೇಲೆ ಕೂದಲು ಸರಿಮಾಡಿಕೊಂಡಳು. ಲೋಕದಲ್ಲಿ ಮಾಡುವುದಕ್ಕೆ ಬೇರೆ ಆಟವೇ ಇರಲಿಲ್ಲವೇ? ನಾಳೆಯ ಸರದಿ ಇವರಿಬ್ಬರದು. ಚಿಕ್ಕ ಹಿಸ್ಟರಿ ಹೇಳಬೇಕು, ದೊಡ್ಡ ಹಿಸ್ಟರಿ ಕೇಳಬೇಕು. ಆ ಬೀದಿಗಳನ್ನು ಅವಳು ನೋಡಿಯಾಗಿತ್ತು. ಟ್ರಾಮುಗಳ ಕಿರಿಚಾಟ, ರಸ್ತೆ ಅಗೆಯುವ ಯಂತ್ರ, ಗಾಳಿ. ಒಳ್ಳೆಯ ಕಿವಿಗೇ ಅರ್ಧಂಬರ್ಧ ಬೀಳುವಂಥ ಜಾಗ.

ಮಧ್ಯಾಹ್ನ ಕೋಣೆಗೆ ಬಂದು ಕಾಲು ಚಾಚಿದ್ದಳಷ್ಟೆ, ಚಿಕ್ಕ ಹಿಸ್ಟರಿ ಕುರ್ಚಿ ಎಳೆದುಕೊಂಡು ಬಂದು ಎದುರಿಗೇ ಕುಳಿತಳು. ಎದುರಿಗೆ, ತುಸು ಎಡಕ್ಕೆ. "ಮೇಡಂ, ನಾಳೆದು ಒಂದ್ಸಲ ನಿಮ್ಮ ಮುಂದೆ ಹೇಳಿ ನೋಡ್ಲಾ? ನನಗೆ ಅಭ್ಯಾಸ ಆಗತ್ತೆ."

"ನಾಳೆ ದಾರೀಲಿ ಹೇಗಿದ್ರೂ ಹೇಳ್ತೀಯಲ್ಲಮ್ಮ."

"ಆದ್ರೂ."

ಹೇಳಿದಳು. ಹೇಗೆ ಹೇಳಿದಳು ಅಂತೀರಿ, ಒಂದನೇ ಕ್ಲಾಸಿನ ಮಕ್ಕಳಿಗೆ ಹೇಳುವ ಹಾಗೆ ಒಂದೊಂದೇ ಮಾತನ್ನು ಬಿಡಿಸಿ, ತುಟಿ ಅಗಲಿಸಿ, ನಡುನಡುವೆ ನಿಲ್ಲಿಸಿ ಮುಖ ನೋಡುತ್ತ. ಜೊತೆಗಾರನ ಮಂಚ ಬಾಗಿಲ ಪಕ್ಕದಲ್ಲಿತ್ತು, ಸದ್ದಿಲ್ಲದೆ ಹೊರಗೆ ಹೋಗಿ ಸುದ್ದಿ ಮುಟ್ಟಿಸುವುದಕ್ಕೆ ಅಂತ ನಾವು ಪಾಠ ಮಾಡುತ್ತೇವೆ. ಆದರೆ ಆ ಬಾಗಿಲು ಒಳಕ್ಕೆ ತೆರೆದುಕೊಳ್ಳುವ ಬಾಗಿಲು. ನಡುವೆ ಒಂದು ಗೇಣು ಜಾಗವೂ ಇಲ್ಲ. ಯಾರೇ ತಳ್ಳಿಕೊಂಡು ಬಂದರೂ ಬಾಗಿಲು ಮೊದಲು ಬಡಿಯುವುದು ಅವನ ಮಂಚಕ್ಕೆ, ಅವನ ತಲೆಗೆ. ಓಡಿಹೋಗುವವನು ಮಲಗುವ ಜಾಗವೇ ಅದು, ಇಲ್ಲಾ ಕಾಯುವುದಕ್ಕೆ ಅಡ್ಡ ಮಲಗುವವನದೇ? "ಮಂಚ ಇರೋದು ಒಂದೇ ಕಡೆ ಮೇಡಂ. ನಾವು ಯಾವ ಕಡೆಯಿಂದ ನೋಡ್ತೀವಿ ಅನ್ನೋದರ ಮೇಲೆ ಹೋಗತ್ತೆ." ಒಂದು ಸಲ ಮುಗಿಸಿದವಳು, ನಾಚಿಕೆಯಿಲ್ಲದೆ, ಮೊದಲಿನಿಂದ ಮತ್ತೊಂದು ಸಲ ಹೇಳಿದಳು. ದೊಡ್ಡ ಹಿಸ್ಟರಿಗೆ ಒಳಗೊಳಗೇ ಕುದಿಯಿತು. ಇಷ್ಟು ವರ್ಷ ಮೇಜು ಕುಟ್ಟಿ ಕಲಿಸಿದ್ದನ್ನು ನಿನ್ನೆ ಮೊನ್ನೆ ಬಂದವಳು ಒಂದು ಗೇಣಿನಿಂದ ಅಳೆದು ಬಿಸಾಕಿದ್ದು ಹಾಗಿರಲಿ, ಈ ನಿಧಾನ ಏಕೆ? ಈ ತುಟಿ ಅಗಲಿಸುವುದು ಏಕೆ? ಪರೀಕ್ಷೆ ಮಾಡುತ್ತಿದ್ದಾಳೆ. ಎಷ್ಟು ಕೇಳಿಸುತ್ತದೆ, ಯಾವ ಕಡೆಯಿಂದ ಕೇಳಿಸುತ್ತದೆ ಅಂತ ಅಂದಾಜು ಹಾಕುತ್ತಿದ್ದಾಳೆ. ನಾಳೆ ದಾರಿಯಲ್ಲಿ ಬೇಕೆಂದೇ ಬಲಗಡೆಗೆ ಬಂದು ಪಿಸುಗುಟ್ಟಿದರೆ? ಹಾಲಿನಲ್ಲಿ ತಾನು ಎದ್ದು ನಿಂತು ಬ್ಬೆ ಬ್ಬೆ ಅಂದರೆ? ಅಲ್ಲಿಗೆ ಹತ್ತನೇ ಕ್ಲಾಸೂ ಇವಳದು, ಖಾಯಮ್ಮೂ ಇವಳದು, ಮ್ಯಾಪಿನ ಕೋಣೆ ನನ್ನದು.

ಸಂಜೆ ಊಟದ ಹಾಲಿನ ಮೂಲೆಯಲ್ಲಿ ಪ್ರೊಫೆಸರು ಒಬ್ಬರೇ ಚಹಾ ಕಲಕುತ್ತ ಕುಳಿತಿದ್ದರು. ಅವಳು ಹೋಗಿ ಅವರ ಬಲಕ್ಕೆ, ತನ್ನ ಎಡಗಿವಿ ಅವರ ಕಡೆಗೆ ಬರುವ ಹಾಗೆ ಕುಳಿತಳು. ಜೋಡಿ ಬದಲಾಯಿಸಿ ಕೊಡಿ ಅಂತ ಕೇಳುವುದಷ್ಟೇ ಮನಸ್ಸಿನಲ್ಲಿತ್ತು. ಏಕೆ ಅಂತ ಅವರು ಕೇಳಿದರು. ಆಗ ಬಾಯಿಗೆ ಬಂದದ್ದು ಎಲ್ಲಿಂದ ಬಂತೋ, "ಅವಳು ಹೇಳೋದು ಅವಳದ್ದಲ್ಲ ಸರ್. ಬೇರೆಯವರದ್ದನ್ನ ಎತ್ತಿಕೊಂಡು ತನ್ನದು ಅಂತಾಳೆ. ಶಾಲೇಲೂ ಇದೇ ಕಥೆ. ಅಂಥದ್ದನ್ನ ನಾನು ಎದ್ದು ನಿಂತು ಒಪ್ಪಿಸೋದು ಹೇಗೆ ಹೇಳಿ?" ಪ್ರೊಫೆಸರ ಚಮಚ ನಿಂತಿತು. "ಹೌದಾ? ಒಳ್ಳೆ ಹುಡುಗಿ ಅಂದ್ಕೊಂಡಿದ್ದೆ. ನಿಮ್ಮ ಹೆಡ್ ಮೇಷ್ಟ್ರಿಗೂ ಹಾಗೇ ಹೇಳೋಣ ಅಂತಿದ್ದೆ." "ಒಳ್ಳೇವಳೇ ಸರ್, ಅದರಲ್ಲಿ ಎರಡು ಮಾತಿಲ್ಲ. ವಯಸ್ಸು ನೋಡಿ, ಆತುರ" ಅಂದಳು ದೊಡ್ಡ ಹಿಸ್ಟರಿ. ಆ ಕೊನೆಯ ಮಾತಿನ ಮೃದುತನಕ್ಕೆ ಅವಳಿಗೇ ಆಶ್ಚರ್ಯವಾಯಿತು. ಸುಳ್ಳು ಹೇಳುವುದು ಇಷ್ಟು ಸುಲಭ ಅಂತ ಗೊತ್ತಿರಲಿಲ್ಲ. ಎದ್ದು ಬರುವಾಗ ಹಗುರವಾಗಿದ್ದಳು. ಕೋಣೆಯ ಬಾಗಿಲು ತಟ್ಟುವ ಹೊತ್ತಿಗೆ ಆ ಹಗುರ ಉಳಿದಿರಲಿಲ್ಲ. ಒಂದೇ ತಟ್ಟಿಗೆ ಬಾಗಿಲು ತೆರೆಯಿತು. "ನೀವು ಅಂತ ಗೊತ್ತಾಯ್ತು ಮೇಡಂ, ಹೆಜ್ಜೆ ಸದ್ದು ಕೇಳಿಸ್ತು" ಅಂದಳು ಹುಡುಗಿ. ಕೇಳಿಸುತ್ತದೆ ತಾಯಿ, ನಿನಗೆ ಎಲ್ಲ ಕೇಳಿಸುತ್ತದೆ.

ಬೆಳಗ್ಗೆ ಹೊಸ ಜೋಡಿ ಸಿಕ್ಕಿತು. ದೊಡ್ಡ ಹಿಸ್ಟರಿಗೆ ಬೇರೆ ಶಾಲೆಯಿಂದ ಬಂದಿದ್ದ ಒಬ್ಬ ಮೀಸೆ ಮೇಷ್ಟ್ರು, ಚಿಕ್ಕ ಹಿಸ್ಟರಿಗೆ ಒಬ್ಬ ಬೋಳುತಲೆಯ ಮೇಷ್ಟ್ರು. ಬದಲಾದದ್ದನ್ನು ಕೇಳಿ ಚಿಕ್ಕ ಹಿಸ್ಟರಿ ಕೋಪಿಸಿಕೊಳ್ಳಲಿಲ್ಲ, ಗಾಬರಿಯಾದಳು. "ಮೇಡಂ, ಅವರು ತುಂಬಾ ಮೆತ್ತಗೆ ಮಾತಾಡ್ತಾರೆ" ಅಂತ ಏನೋ ಶುರುಮಾಡಿದವಳನ್ನು, "ಆಡಲಿ ಬಿಡು" ಅಂತ ಅಲ್ಲಿಗೇ ತಡೆದಳು. ಮೆತ್ತಗೆ ಅಂದರೆ ಎಂಥ ಮೆತ್ತಗೆ! ಮೀಸೆ ಮೇಷ್ಟ್ರ ಮಾತು ಹುಟ್ಟಿದ್ದು ಮೀಸೆಯೊಳಗೆ, ಸತ್ತದ್ದೂ ಮೀಸೆಯೊಳಗೆ. ಮೇಲಾಗಿ, ಹೆಂಗಸರನ್ನು ರಸ್ತೆಯ ಕಡೆ ಬಿಡಬಾರದು ಅನ್ನುವ ಸಭ್ಯಸ್ಥ. ಅವಳು ಎಷ್ಟು ಸಲ ಎಡಕ್ಕೆ ತಂದುಕೊಂಡರೂ ಅಷ್ಟು ಸಲ ನಯವಾಗಿ ಬಲಕ್ಕೆ, ರಸ್ತೆಯ ಕಡೆಗೆ ಬಂದು ಸೇರುತ್ತಿದ್ದರು. ಅವರ ಬೆರಳು ಒಂದು ಕಟ್ಟಡವನ್ನು ತೋರಿಸಿತು; ತುಟಿಯೋ ಮೀಸೆಯ ಹಿಂದೆ. ಟ್ರಾಮು ಕಿರುಚಿತು. "ಹೂಂ" ಅಂದಳು. ಅವರು ನಿಂತು ಅವಳ ಮುಖ ನೋಡಿದರು, ಏನೋ ಕೇಳಿದ್ದರು ಅಂತ ಕಾಣುತ್ತದೆ; "ಹೌದೌದು" ಅಂದಳು. ಅದಲ್ಲ ಉತ್ತರ ಅಂತ ಅವರ ಹುಬ್ಬೇ ಹೇಳಿತು. ಮುಂದೆ, ಬೇರೆ ಜೋಡಿಗಳ ನಡುವೆ, ಚಿಕ್ಕ ಹಿಸ್ಟರಿ ಪದೇ ಪದೇ ಹಿಂತಿರುಗಿ ನೋಡುತ್ತಿದ್ದಳು. ನೋಡು, ಚೆನ್ನಾಗಿ ನೋಡಿಕೋ, ಫೋನಿನಲ್ಲಿ ಹೇಳುವುದಕ್ಕೆ ಬೇಕಾಗುತ್ತದೆ.

ಹಾಲಿನಲ್ಲಿ ಕುರ್ಚಿಗಳನ್ನು ಆ ದಿನ ಸುತ್ತಲೂ ಬಳೆಯ ಹಾಗೆ ಹಾಕಿದ್ದರು, ಗೋಡೆಗೆ ಒರಗುವ ಹಾಗಿರಲಿಲ್ಲ. ಪ್ರೊಫೆಸರು ಅವಳ ಎಡಕ್ಕೆ, ಅವರ ಪಕ್ಕದಲ್ಲೇ ಚಿಕ್ಕ ಹಿಸ್ಟರಿ. "ಮೊದಲು ದೊಡ್ಡವರಿಂದಲೇ ಶುರುಮಾಡೋಣ" ಅಂದರು ಪ್ರೊಫೆಸರು. ಎದ್ದು ನಿಂತಳು. ತಲೆಯೊಳಗೆ ಹುಡುಕಿದಳು. ಮೀಸೆ ಮೇಷ್ಟ್ರದು ಅಂತ ಒಂದು ಮಾತೂ ಇರಲಿಲ್ಲ, ಟ್ರಾಮಿನ ಸದ್ದೊಂದೇ ಇತ್ತು. ಮುಖಗಳೆಲ್ಲ ಕಾಯುತ್ತಿದ್ದವು. ಹೊಸ್ತಿಲಲ್ಲಿ ನಿಂತ ಅಮ್ಮನ ಹಾಗೆ ತಾನು ನಿಂತಿದ್ದೇನೆ, ಈಗ ಯಾರಾದರೂ ಕೈ ಆಡಿಸುತ್ತಾರೆ ಅನ್ನಿಸಿದಾಗ ಬಾಯಿ ತಾನೇ ತಾನಾಗಿ ತೆರೆದುಕೊಂಡಿತು. "ಕೊಡೆಯಜ್ಜನ ಕೋಣೆಯ ಬಾಗಿಲು ಒಳಕ್ಕೆ ತೆರೆದುಕೊಳ್ಳುವ ಬಾಗಿಲು" ಅಂದಳು. ಒಂದು ಮಾತಿನ ಹಿಂದೆ ಇನ್ನೊಂದು, ಸ್ಪಷ್ಟವಾಗಿ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ. ಓಡಿಹೋಗುವವನು ಮಲಗುವ ಜಾಗವೇ ಅದು, ಇಲ್ಲಾ ಕಾಯುವುದಕ್ಕೆ ಅಡ್ಡ ಮಲಗುವವನದೇ? ಹೇಳುತ್ತ ಹೇಳುತ್ತ ಅವಳಿಗೆ ತಿಳಿಯುತ್ತಾ ಹೋಯಿತು. ಹುಡುಗಿ ಎರಡೆರಡು ಸಲ ಏಕೆ ಹೇಳಿದಳು. ತುಟಿ ಏಕೆ ಅಗಲಿಸಿದಳು. ನಾಳೆ ಬೀದಿಯಲ್ಲಿ ಈ ಮುದುಕಿಗೆ ಏನೂ ಕೇಳಿಸುವುದಿಲ್ಲ, ಹಾಲಿನಲ್ಲಿ ಮರ್ಯಾದೆ ಹೋಗಬಾರದು ಅಂತ ಮುಂಚೆಯೇ ತುಂಬಿಸಿ ಇಟ್ಟಿದ್ದಳು. ದೇವರೇ. ಎಡಗಡೆ, ಎಡಗಡೆ, ಯಾವಾಗಲೂ ಎಡಗಡೆ. ಮಾತು ನಿಲ್ಲಿಸಲಾಗಲಿಲ್ಲ, ಕೊನೆಯವರೆಗೂ ಹೇಳಿ ಮುಗಿಸಿ ಕುಳಿತಳು.

"ಇದೇನು, ನಾನು ಲೈಬ್ರರಿ ವಿಷಯ ಹೇಳಿದ್ದು" ಅಂದರು ಮೀಸೆ ಮೇಷ್ಟ್ರು, ಈಗ ಮಾತ್ರ ಎಲ್ಲರಿಗೂ ಕೇಳುವ ಹಾಗೆ. "ಅಲ್ರೀ, ಇದು ಈ ಹುಡುಗಿ ದಾರೀಲಿ ನನಗೆ ಹೇಳಿದ್ದು. ಮಾತಿಗೆ ಮಾತು ಇದೇ. ಇನ್ನು ನಾನೇನು ಒಪ್ಪಿಸಲಿ?" ಅಂದರು ಬೋಳುತಲೆಯವರು. ಎಲ್ಲರೂ ಚಿಕ್ಕ ಹಿಸ್ಟರಿಯ ಕಡೆ ತಿರುಗಿದರು. ಅವಳು ದೊಡ್ಡ ಹಿಸ್ಟರಿಯ ಮುಖವನ್ನೊಮ್ಮೆ ನೋಡಿದಳು. ಆ ಮುಖದಲ್ಲಿ ಏನು ಕಂಡಳೋ, ತಡಮಾಡಲಿಲ್ಲ. "ಅದು ಮೇಡಂದೇ ಸರ್. ಅವರೇ ನನಗೆ ಹೇಳಿಕೊಟ್ಟಿದ್ದು. ನಾನು ದಾರೀಲಿ ಅದನ್ನೇ ಹೇಳಿಬಿಟ್ಟೆ, ತಪ್ಪಾಯ್ತು" ಅಂದು ನಕ್ಕಳು, ಚಿಕ್ಕದೊಂದು ತಪ್ಪಿಗೆ ನಗುವ ಹಾಗೆ.

ಪ್ರೊಫೆಸರು ನಗಲಿಲ್ಲ. "ಹಾಗಾದ್ರೆ ನಿನ್ನೆ ಮೇಡಂ ಬಂದು ನನಗೆ ಹೇಳಿದ್ದು ಸರಿ ಅಂತಾಯ್ತು. ಬೇರೆಯವರದ್ದನ್ನ ಎತ್ತಿಕೊಂಡು ನಿಂದು ಅಂತೀಯ, ಶಾಲೇಲೂ ಹೀಗೇ ಮಾಡ್ತೀಯ ಅಂತ. ನಾನು ನಂಬಿರಲಿಲ್ಲ." ಹುಡುಗಿಯ ನಗು ಮುಖದ ಮೇಲೇ ಉಳಿದಿತ್ತು, ಅದನ್ನು ಎಲ್ಲಿ ಇಡಬೇಕು ಅಂತ ತಿಳಿಯದವಳ ಹಾಗೆ. ಪ್ರೊಫೆಸರು ಇತ್ತ ತಿರುಗಿದರು. "ಹೌದಾ ಮೇಡಂ? ಇದು ನಿಮ್ಮದೇನಾ? ನೀವು ಹೂಂ ಅಂದ್ರೆ ನಾನು ನಿಮ್ಮ ಹೆಡ್ ಮೇಷ್ಟ್ರಿಗೆ ಹೇಳಲೇಬೇಕಾಗತ್ತೆ. ಅಲ್ಲ ಅಂದ್ರೆ ಅಲ್ಲ ಅನ್ನಿ."

ಅಷ್ಟು ಹತ್ತಿರ, ಅದೂ ಎಡಗಡೆಯಿಂದ. ಪ್ರತಿಯೊಂದು ಮಾತೂ ಗಂಟೆ ಬಾರಿಸಿದ ಹಾಗೆ ಕೇಳಿಸಿತ್ತು. ಅಲ್ಲ ಅನ್ನಬೇಕು. ಅಲ್ಲ ಅಂದರೆ ಮತ್ತೆ ನಿನಗೆ ಹೇಗೆ ಬಂತು ಅಂತ ಕೇಳುತ್ತಾರೆ, ಮೀಸೆಯವರು ಹೇಳಿದ್ದು ಏಕೆ ಬರಲಿಲ್ಲ ಅಂತ ಕೇಳುತ್ತಾರೆ. ಒಂದೊಂದೇ ಬಾಗಿಲು ತೆರೆಯುತ್ತ ತೆರೆಯುತ್ತ ಕೊನೆಗೆ ಮ್ಯಾಪಿನ ಕೋಣೆಯ ಬಾಗಿಲು. ಭೂಗೋಳದ ಮೇಷ್ಟ್ರು ಸುರುಳಿ ಬಿಚ್ಚಿ ಮೇಲಕ್ಕೆ ನೋಡುತ್ತಾರೆ. ಇಷ್ಟು ವರ್ಷ ಯಾರ ಮುಂದೆಯೂ, ಯಜಮಾನರ ಮುಂದೆಯೂ, ಪ್ರಾಣ ಹೋದರೂ ಆಡದಿದ್ದ ಒಂದು ಮಾತಿತ್ತು. ದೊಡ್ಡ ಹಿಸ್ಟರಿ ಕೈಯನ್ನು ಕಿವಿಯ ಹಿಂದೆ ಇಟ್ಟು, ತುಸು ಮುಂದಕ್ಕೆ ಬಾಗಿ, "ಏನಂದ್ರಿ? ಕೇಳಿಸಲಿಲ್ಲ" ಅಂದಳು.

ಕೈ ಇಟ್ಟದ್ದು ಎಡಗಿವಿಗೆ. ಅದು ಸುಳ್ಳು ಅಂತ ಆ ಹಾಲಿನಲ್ಲಿ ಗೊತ್ತಿದ್ದದ್ದು ಒಬ್ಬಳಿಗೆ ಮಾತ್ರ. ಚಿಕ್ಕ ಹಿಸ್ಟರಿ ಆ ಕೈಯನ್ನು ನೋಡಿದಳು, ಕಿವಿಯನ್ನು ನೋಡಿದಳು, ಆಮೇಲೆ ನೆಲ ನೋಡಿದಳು. "ಹೋಗಲಿ ಬಿಡಿ" ಅಂದರು ಪ್ರೊಫೆಸರು, ವಯಸ್ಸಾದವರಿಗೆ ಅನ್ನುವ ಹಾಗೆ, ಕೈ ಆಡಿಸಿ. "ಅವಳೇ ಒಪ್ಪಿಕೊಂಡಿದ್ದಾಳಲ್ಲ, ಇನ್ನೇನು." ಮುಂದಿನ ಜೋಡಿಯನ್ನು ಕರೆದರು.

ಹೋಟೆಲಿಗೆ ವಾಪಸು ನಡೆದೇ ಹೋಗಬೇಕಿತ್ತು. ಬೀದಿದೀಪಗಳು ಆಗಷ್ಟೇ ಹತ್ತಿಕೊಳ್ಳುತ್ತಿದ್ದವು. ಎಲ್ಲರೂ ಮುಂದೆ ಹೋದರು. ದೊಡ್ಡ ಹಿಸ್ಟರಿ ಬೇಕೆಂದೇ ಹಿಂದೆ ಉಳಿದಳು. ಇವತ್ತು ಅವಳು ಬರಲಿ, ಬಂದರೆ ಎಲ್ಲ ಹೇಳಿಬಿಡುತ್ತೇನೆ, ಪ್ರೊಫೆಸರ ಹತ್ತಿರ ಈಗಲೇ ಹೋಗೋಣ ನಡಿ ಅನ್ನುತ್ತೇನೆ. ಫುಟ್‌ಪಾತಿನ ಬಲಕ್ಕೆ, ಗೋಡೆಗೆ ಒತ್ತಿ, ಎಡಗಡೆ ಇಡೀ ಜಾಗ ಬಿಟ್ಟು ನಡೆದಳು. ಹಿಂದಿನಿಂದ ಹೆಜ್ಜೆ ಬಂತು. ಹತ್ತಿರವಾಯಿತು. ಎಡಗಡೆಯ ಜಾಗ ಖಾಲಿಯೇ ಉಳಿಯಿತು. ಆಮೇಲೆ ಹೆಜ್ಜೆಯ ಸದ್ದೂ ನಿಂತುಹೋಯಿತು. ತಿರುಗಿ ನೋಡಿದರೆ ಚಿಕ್ಕ ಹಿಸ್ಟರಿ ಅವಳಿಗೂ ಗೋಡೆಗೂ ನಡುವೆ ಹೇಗೋ ನುಸುಳಿಕೊಂಡು, ಬಲಗಡೆಗೆ ಬಂದು ಹೆಗಲಿಗೆ ಹೆಗಲು ತಾಗುವಷ್ಟು ಹತ್ತಿರ ನಡೆಯುತ್ತಿದ್ದಳು. ಮುಖ ನೇರ ಮುಂದಕ್ಕೆ. ತುಟಿ ಮಾತ್ರ ಅಲುಗುತ್ತಿತ್ತು. ಚಳಿಗೋ ಏನೋ. ಬೈಯುತ್ತಿದ್ದಳೋ, ಅಳುತ್ತಿದ್ದಳೋ, ಏನಾದರೂ ಕೇಳುತ್ತಿದ್ದಳೋ. "ಏನಮ್ಮ, ಏನಂದೆ? ಈ ಕಡೆ ಬಾ, ಕೇಳಿಸ್ತಾ ಇಲ್ಲ ನನಗೆ" ಅಂದಳು ದೊಡ್ಡ ಹಿಸ್ಟರಿ. ಈ ಸಲ ಅದು ನಿಜವಾಗಿತ್ತು. ಹುಡುಗಿ ಬಲಗಡೆಯಲ್ಲೇ ನಡೆದಳು.